ಗೆಜ್ಜೆ ಕಟ್ಟಿದ ಗುರಿಗಳು

ಪುಡಿಯಣ್ಣನ ಕಾರ್ಖಾನೆಯಿಂದ ಹೊರಬಿದ್ದ ಮಾಲು ಇಡಿಯಾಗಿ ಉಳಿದರೆ ಗಿರಾಕಿಯ ಹುಬ್ಬು ಗಂಟಿಕ್ಕುತ್ತಿತ್ತು. ಚೂರುಚೂರಾದರೆ ಮುಖ ಅರಳುತ್ತಿತ್ತು. ಇಂಥ ವ್ಯಾಪಾರ ಇನ್ನೊಂದಿರಲಾರದು. ಕೊಡೆ ಮಾರುವವನು ತನ್ನ ಕೊಡೆ ನಾಲ್ಕು ಮಳೆಗಾದರೂ ತಡೆಯಲಿ ಎಂದುಕೊಳ್ಳುತ್ತಾನೆ, ಕುರ್ಚಿ ಮಾಡುವವನು ಅದರ ಮೇಲೆ ತಾನೇ ಕುಳಿತು ತೋರಿಸುತ್ತಾನೆ. ಈತ ಮಾತ್ರ ಬೆಳಗಾಗೆದ್ದು, "ಇವತ್ತು ಒಂದೂ ಉಳಿಯೋದು ಬೇಡಪ್ಪ" ಎಂದು ಕೈಮುಗಿದೇ ಮೆಟ್ಟಿಲಿಳಿಯುತ್ತಿದ್ದ. ಬೀದಿಯವರು ಪುಡಿಯಣ್ಣ ಎಂದು ಹೆಸರಿಟ್ಟದ್ದು ಅದಕ್ಕೇ. ಅಪ್ಪ ಅಮ್ಮ ಇಟ್ಟ ಹೆಸರನ್ನು ಅವನ ಹೆಂಡತಿಯೂ ಮರೆತಂತಿತ್ತು.

ಅವನು ಮಾಡುತ್ತಿದ್ದದ್ದು ಗುರಿಗಳನ್ನು. ಆಕಾಶದಿಂದ ಬರುವ ಕ್ಷಿಪಣಿಗಳನ್ನು ನಡುದಾರಿಯಲ್ಲೇ ಹೊಡೆದು ಬೀಳಿಸುವ ಸೈನ್ಯದ ತಂಡಗಳಿಗೆ ಬ್ಯಾಟರಿ ಎನ್ನುತ್ತಾರೆ. ಅವರಿಗೆ ಅಭ್ಯಾಸ ಬೇಕಲ್ಲ? ಶತ್ರುವನ್ನು ಕರೆದು, ಸ್ವಾಮಿ, ಒಂದೆರಡು ಎಸೆಯಿರಿ, ಹೊಡೆದು ನೋಡುತ್ತೇವೆ ಎನ್ನಲಾಗದು. ಆದ್ದರಿಂದ ಪುಡಿಯಣ್ಣ ಹಗುರ ಮರ, ನಾರು, ಅಂಟು, ತಗಡು ಸೇರಿಸಿ ಶತ್ರುವನ್ನು ತಯಾರಿಸಿ ಕೊಡುತ್ತಿದ್ದ. ಊರಾಚೆಯ ಕಡಲ ಬಯಲಿನಲ್ಲಿ ಅವನ್ನು ಹಾರಿಸುವುದೂ ಅವನ ಆಳುಗಳೇ.

ಅವನ ಅಂಗಡಿಯಲ್ಲಿ ಶತ್ರುಗಳು ಮೂರು ಜಾತಿ. ಮೇಲಿನವು, ತಗ್ಗಿನವು, ಸೊಳ್ಳೆಗಳು.

ಮೇಲಿನವು ಎಂದರೆ ಆಕಾಶಕ್ಕೇರಿ, ಎಸೆದ ಕಲ್ಲಿನಂತೆ ಬಾಗಿ ಬೀಳುವ ರಾಕೆಟ್ಟುಗಳು. ಎತ್ತರದಲ್ಲಿ ಬರುವುದರಿಂದ ಬ್ಯಾಟರಿಯ ರಾಡಾರ್ ಅವನ್ನು ದೂರದಿಂದಲೇ ಕಾಣುತ್ತದೆ. ಎಲ್ಲಿ ಬೀಳುತ್ತದೆಂದು ಯಂತ್ರ ಲೆಕ್ಕ ಹಾಕಿ, ಬೀಳು ನೆಲಕ್ಕಾದರೆ ಹಾಳಾಗಿಹೋಗು ಎಂದು ಬಿಟ್ಟುಬಿಡುತ್ತದೆ. ಮನೆಮಠಗಳ ಮೇಲಾದರೆ ಎದುರಿಗೆ ತನ್ನ ಕ್ಷಿಪಣಿಯನ್ನು ಅಟ್ಟುತ್ತದೆ. ಲೋಟದ ಚಹಾ ಆರುವಷ್ಟರಲ್ಲಿ ಇದೆಲ್ಲ ಮುಗಿದಿರಬೇಕು. ತಗ್ಗಿನವಕ್ಕೆ ರೆಕ್ಕೆಯುಂಟು, ಎಂಜಿನ್ನುಂಟು, ನಾಚಿಕೆ ಮಾತ್ರವಿಲ್ಲ. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು, ಗುಡ್ಡದ ಮರೆಯಲ್ಲಿ ನುಸುಳಿ ಬರುತ್ತವೆ. ರಾಡಾರಿನ ನೋಟ ಅವುಗಳ ತಲೆಯ ಮೇಲೆಯೇ ದಾಟಿ ಹೋಗುತ್ತದೆ. ಕಂಡಿತು ಎನ್ನುವಾಗ ಬಾಗಿಲಿಗೇ ಬಂದಿರುತ್ತವೆ. ಸೊಳ್ಳೆಗಳು ಅಗ್ಗದ ಡ್ರೋನುಗಳು. ಗುಂಪಾಗಿ ಗುಂಯ್‌ಗುಟ್ಟುತ್ತ, ಅವಸರವಿಲ್ಲದೆ ಬರುತ್ತವೆ. ಒಂದೊಂದಕ್ಕೂ ಕ್ಷಿಪಣಿ ಹಾರಿಸುವುದೆಂದರೆ ಸೊಳ್ಳೆ ಹೊಡೆಯಲು ಬೆಳ್ಳಿ ತಟ್ಟೆ ಎಸೆದ ಹಾಗೆ. ಅದಕ್ಕೆ ಫಿರಂಗಿಯೇ ಸರಿ, ಇಲ್ಲವೆ ಅವುಗಳ ರೇಡಿಯೋ ಕಿವಿಗೆ ಗದ್ದಲ ತುಂಬಿ ದಾರಿ ತಪ್ಪಿಸಬೇಕು. ಈ ಮೂರೂ ಒಟ್ಟಿಗೆ ಬಂದಾಗ ಯಾವುದಕ್ಕೆ ಯಾವುದು ಎಂದು ಹಂಚುವುದರಲ್ಲೇ ಇದೆ ಎಲ್ಲ ಮರ್ಮ. ಸೊಳ್ಳೆಗೆ ಕೈಚಳಕ ತೋರಿಸುತ್ತ ಇದ್ದಬದ್ದ ಕ್ಷಿಪಣಿ ಖಾಲಿ ಮಾಡಿಕೊಂಡವನ ತಲೆಯ ಮೇಲೆ ಮೇಲಿನದು ಬೀಳುತ್ತದೆ.

ಇಲ್ಲಿಯವರೆಗೆ ಎಲ್ಲವೂ ಸರಿ. ಹೇಸಿಗೆ ಶುರುವಾದದ್ದು ತಗಡಿನ ಮೂಲೆಯಿಂದ.

ಸಣ್ಣ ಗುರಿ ರಾಡಾರಿನ ಪರದೆಯ ಮೇಲೆ ಮಂಕಾಗಿ ಕಾಣುತ್ತದೆ. ಮೂರು ತಗಡುಗಳನ್ನು ಪೆಟ್ಟಿಗೆಯ ಮೂಲೆಯಂತೆ ಕೂಡಿಸಿ ಅದರ ಮೂತಿಯೊಳಗೆ ಇಟ್ಟರೆ, ರಾಡಾರಿನ ಅಲೆ ಒಳಹೊಕ್ಕು ಬಂದ ದಾರಿಯಲ್ಲೇ ವಾಪಸಾಗಿ, ಸೊಳ್ಳೆಯೂ ಹದ್ದಿನಷ್ಟು ಹೊಳೆಯುತ್ತದೆ. ಹೊಸದಾಗಿ ಕಲಿಯುವವರಿಗೆ ಇರಲಿ ಎಂದು ಮೊದಮೊದಲು ಅಂಗೈಯಗಲದ್ದನ್ನು ಇಡುತ್ತಿದ್ದರು. ಊಟದ ಡಬ್ಬಿ ಕೊಡಲು ಕಾರ್ಖಾನೆಗೆ ಬಂದಿದ್ದ ಹೆಂಡತಿ ಒಮ್ಮೆ ಅದನ್ನು ಎತ್ತಿ ನೋಡಿ, ಇದೇನೆಂದು ಕೇಳಿದಳು. ಪುಡಿಯಣ್ಣ ಹೆಮ್ಮೆಯಿಂದ ವಿವರಿಸಿದ.

"ಅಂದ್ರೆ ಕಳ್ಳನ ಕಾಲಿಗೆ ಗೆಜ್ಜೆ ಕಟ್ಟಿ ಓಡಿಸ್ತೀರಿ. ಆಮೇಲೆ ಹಿಡಿದ ಕಾವಲುಗಾರನ ಬೆನ್ನು ತಟ್ತೀರಿ. ಚೆನ್ನಾಗಿದೆ ಕಣ್ರೀ ನಿಮ್ಮ ಕಸುಬು!"

ಆಳುಗಳು ಗೊಳ್ಳೆಂದು ನಕ್ಕರು. ಅಂದಿನಿಂದ ತಗಡಿನ ಮೂಲೆಗೆ ಗೆಜ್ಜೆ ಎಂದೇ ಹೆಸರಾಯಿತು. ಪುಡಿಯಣ್ಣನೂ ನಕ್ಕಿದ್ದ. ನಗಬಾರದಿತ್ತು.

ಕಡಲ ಬಯಲಿನಲ್ಲಿ ಬಿಳಿ ಹಕ್ಕಿಗಳ ಕಾಟ. ದೊಡ್ಡ ಮನುಷ್ಯರು ಅಭ್ಯಾಸ ನೋಡಲು ಬಂದು ಕುಳಿತಿರುವಾಗ ಹಕ್ಕಿಯೊಂದು ಪರದೆಯ ಮೇಲೆ ಮಿಣುಕಿ ಅಪಾಯದ ಗಂಟೆ ಹೊಡೆದುಕೊಳ್ಳುತ್ತಿತ್ತು. ಬ್ಯಾಟರಿ ಮಾಡಿದ ಕಂಪನಿಯವರ ಮುಖ ಹುಳ್ಳಗಾಗುತ್ತಿತ್ತು. ಅವರು ಯಂತ್ರಕ್ಕೆ, ಇಷ್ಟಕ್ಕಿಂತ ಮಂಕಾದದ್ದೆಲ್ಲ ಹಕ್ಕಿ, ಲೆಕ್ಕಕ್ಕಿಡಬೇಡ ಎಂದು ಹೇಳಿಕೊಟ್ಟರು. ಆಗ ಪುಡಿಯಣ್ಣನ ಸಣ್ಣ ಗೆಜ್ಜೆಯ ಗುರಿಗಳೂ ಮಾಯವಾದವು. ಅವನ ಭಾವಮೈದುನ ಓಡಿಬಂದ. ಕಾರ್ಖಾನೆಯ ಪರವಾಗಿ ಸಾಹೇಬರುಗಳ ಜತೆ ಮಾತುಕತೆ ನಡೆಸುತ್ತಿದ್ದವನು ಈ ಭಾವಮೈದುನನೇ. ತಲೆಗೆ ಎಣ್ಣೆ, ನಾಲಿಗೆಗೆ ಬೆಣ್ಣೆ ಹಚ್ಚಿಕೊಂಡೇ ಮನೆಯಿಂದ ಹೊರಡುವ ಪೈಕಿ.

"ಭಾವ, ಗೆಜ್ಜೆ ಸ್ವಲ್ಪ ದೊಡ್ಡದು ಮಾಡ್ಬೇಕಂತೆ."

ಮಾಡಿದರು. ಹೊಡೆತ ಸರಿಯಾಗಿ ಬಿತ್ತು, ಚಪ್ಪಾಳೆಯಾಯಿತು, ಇನ್ನಷ್ಟು ದೊಡ್ಡ ಮನುಷ್ಯರು ಬಂದರು. ಅವರು ತಿಂದು ಚೆಲ್ಲಿದ ಬಿಸ್ಕತ್ತಿನ ಚೂರಿಗೆ ಹಕ್ಕಿಗಳು ಇನ್ನಷ್ಟು ಬಂದವು. ಯಂತ್ರದ ಕಿವಿಯನ್ನು ಇನ್ನಷ್ಟು ಮಂದ ಮಾಡಿದರು, ಭಾವಮೈದುನ ಇನ್ನಷ್ಟು ದೊಡ್ಡ ಗೆಜ್ಜೆ ಕೇಳಿದ. ಹೀಗೆ ಗೆಜ್ಜೆಯೂ ಕಿವುಡೂ ಒಂದರ ಹೆಗಲ ಮೇಲೆ ಇನ್ನೊಂದು ಕೈಹಾಕಿಕೊಂಡು ಬೆಳೆದವು. ಅಂಗೈಯಗಲ ಇದ್ದದ್ದು ಮೊರದಗಲವಾಯಿತು. ಬ್ಯಾಟರಿಗೆ ನೂರಕ್ಕೆ ನೂರು ಅಂಕ, ಕಂಪನಿಗೆ ಕೀರ್ತಿ, ಪುಡಿಯಣ್ಣನಿಗೆ ಬಿಡುವಿಲ್ಲದ ಕೆಲಸ. ಯಾರಿಗೂ ದುಃಖವಿರಲಿಲ್ಲ.

ಅಷ್ಟರಲ್ಲಿ ಮಗಳು ಬಂದಳು. ಅವಳ ಸಂಸಾರ ಬಂದರಿನ ಊರಿನಲ್ಲಿ. ಗಂಡ ಹಡಗುಕಟ್ಟೆಯಲ್ಲಿ ಕ್ರೇನ್ ನಡೆಸುತ್ತಿದ್ದ, ಅವಳು ಅಲ್ಲೇ ಸರಕು ತೂಗುವ ಕಚೇರಿಯಲ್ಲಿದ್ದಳು. ಕಡಲಿನ ಆಚೆ ದಡದ ಶತ್ರುಗಳು ಕೆಲವು ತಿಂಗಳಿಂದ ಹಲ್ಲು ಕಡಿಯುತ್ತಿದ್ದರು. ಬಂದರನ್ನೇ ಮೊದಲು ಸುಡುತ್ತೇವೆಂದು ಬಾಯಿಬಿಟ್ಟೇ ಹೇಳಿದ್ದರು. ಅಲ್ಲಿಯ ಎಷ್ಟೋ ಮನೆಯವರು ಮಕ್ಕಳುಮರಿ ಕಟ್ಟಿಕೊಂಡು ಒಳನಾಡಿನ ನೆಂಟರ ಮನೆ ಸೇರಿದ್ದರು. ಮಗಳೂ ಎರಡು ಕೂಸುಗಳೊಂದಿಗೆ ತನ್ನ ಭಾವನ ಮನೆಗೆ ಹೋಗುವವಳಿದ್ದಳು. ಈಗ ನೋಡಿದರೆ ನಗುನಗುತ್ತ ಬಂದಿದ್ದಾಳೆ.

"ಅಪ್ಪಾ, ಕಟ್ಟಿದ್ದ ಗಂಟೆಲ್ಲ ಬಿಚ್ಚಿಟ್ಟೆ. ನಾವೆಲ್ಲೂ ಹೋಗಲ್ಲ."

"ಯಾಕೆ? ಏನಾಯ್ತು?"

"ನಮ್ಮ ಮನೆ ಹಿಂದಿನ ಗುಡ್ಡದ ಮೇಲೆ ಬ್ಯಾಟರಿ ಬರ್ತಿದೆಯಂತೆ! ಅದೇ, ನಿನ್ನ ಗುರಿಗಳನ್ನ ಒಂದೂ ಬಿಡದೆ ಉದುರಿಸ್ತಾರಲ್ಲ, ಆ ತಂಡ. ಬೀದಿಯೋರಿಗೆಲ್ಲ ಹೇಳ್ಬಿಟ್ಟೆ, ನಮ್ಮಪ್ಪನ ಮಾಲು ಹೊಡೆದು ಪಳಗಿದೋರು ಕಣ್ರೀ, ಹೆದರ್ಬೇಡಿ ಅಂತ. ಪಕ್ಕದ ಮನೆಯೋರೂ ಉಳ್ಕೊಂಡ್ರು."

ಪುಡಿಯಣ್ಣ ಅಂಟು ಹಚ್ಚುತ್ತಿದ್ದ ಕುಂಚ ಕೆಳಗಿಟ್ಟ. ಎದುರಿನ ಬೆಂಚಿನ ಮೇಲೆ ಮೊರದಗಲದ ಗೆಜ್ಜೆಗಳು ಸಾಲಾಗಿ ಹೊಳೆಯುತ್ತಿದ್ದವು. ಮಗಳಿಗೆ ಏನು ಹೇಳುವುದು? ನಾನು ಮಾರುವುದು ಸುಳ್ಳಮ್ಮ ಎಂದೇ? ಅಂಟು ತರುತ್ತೇನೆಂದು ಎದ್ದು ಹೋದ. ಡಬ್ಬಿ ತುಂಬಿಯೇ ಇತ್ತು.

ಮಾರನೆಯ ದಿನ ಭಾವಮೈದುನನನ್ನು ಹಿಡಿದ. "ಬಂದರಿಗೆ ಹೋಗೋ ಬ್ಯಾಟರಿಗೆ ಕೊನೇ ಪರೀಕ್ಷೆ ಇದೆಯಲ್ಲ, ಅದಕ್ಕೆ ಗೆಜ್ಜೆ ಇಲ್ಲದ್ದನ್ನ ಕಳಿಸೋಣ."

"ಭಾವ, ಜ್ವರ ಗಿರ ಬಂದಿದೆಯಾ? ಗಿರಾಕಿ ಏನು ಕೇಳ್ತಾನೋ ಅದನ್ನ ಕೊಡ್ಬೇಕು."

"ಆಚೆ ದಡದೋನು ಗೆಜ್ಜೆ ಕಟ್ಕೊಂಡು ಬರ್ತಾನೇನೋ?"

"ಅವನು ನಮ್ಮ ಗಿರಾಕಿ ಅಲ್ಲ."

"ನಿನ್ನ ಅಕ್ಕನ ಮಗಳು ಇರೋದು ಅಲ್ಲಿ ಕಣೋ!"

"ಅವಳಿಗೋಸ್ಕರನೇ ಹೇಳ್ತಿದೀನಿ. ಪರೀಕ್ಷೆ ಪಾಸಾದ್ರೆ ತಾನೇ ಬ್ಯಾಟರಿ ಗುಡ್ಡ ಹತ್ತೋದು? ಫೇಲಾದ್ರೆ ಅದೂ ಇಲ್ಲ." ಇಷ್ಟು ಹೇಳಿ ಕನ್ನಡಿಯಲ್ಲಿ ಕೂದಲು ತೀಡಿಕೊಂಡ. ಅವನ ಮಾತಿನಲ್ಲಿ ತರ್ಕವಿತ್ತೆಂಬುದೇ ಪುಡಿಯಣ್ಣನಿಗೆ ಹೆಚ್ಚು ಅಸಹ್ಯವೆನಿಸಿತು. ವಾದ ಅಲ್ಲಿಗೇ ಬಿಟ್ಟ. ಪರೀಕ್ಷೆಗೆ ಹೊರಟ ಮಾಲಿನಲ್ಲಿ ಒಂದಿಷ್ಟು ತಗ್ಗಿನವನ್ನೂ ಒಂದು ಗುಂಪು ಸೊಳ್ಳೆಗಳನ್ನೂ ಆರಿಸಿ, ಗೆಜ್ಜೆಗಳನ್ನು ತನ್ನ ಕೈಯಿಂದಲೇ ಬಿಚ್ಚಿಟ್ಟ. ಯಾರಿಗೂ ಹೇಳಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಬಯಲಿನಲ್ಲಿ ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳು, ನೆರಳಿಗೆ ಡೇರೆ. ಡೇರೆಯ ಪಕ್ಕದಲ್ಲೇ ಸುಣ್ಣದಲ್ಲಿ ಎಳೆದ ದೊಡ್ಡ ವೃತ್ತ, ಅದೇ 'ಊರು'. ಗುರಿಗಳ ಹೊಟ್ಟೆಯಲ್ಲಿ ಕೆಂಪು ಪುಡಿ ತುಂಬಿರುತ್ತದೆ. ಹೊಡೆತ ತಪ್ಪಿಸಿಕೊಂಡದ್ದು ಊರಿನ ಮೇಲೆ ಪುಡಿ ಸುರಿಯಬೇಕು, ಆಗ ತಪ್ಪಿದ್ದು ತಿಳಿಯುತ್ತದೆ. ವರ್ಷಗಳಿಂದ ಆ ಸುಣ್ಣದ ಮೇಲೆ ಒಂದು ಚಿಟಿಕೆ ಕೆಂಪೂ ಬಿದ್ದಿರಲಿಲ್ಲ. ಆ ಧೈರ್ಯದಿಂದಲೇ ಡೇರೆಯನ್ನು ಊರಿಗೆ ಅಷ್ಟು ಒತ್ತಿ ಹಾಕಿದ್ದು.

ಮೇಲಿನವು ಬಂದವು, ಎತ್ತರದಲ್ಲೇ ಢಂ ಎಂದು ಸಿಡಿದವು. ಬೀಳು ನೆಲದತ್ತ ಹೋದ ಒಂದನ್ನು ಯಂತ್ರ ತಾನಾಗಿಯೇ ಬಿಟ್ಟುಕೊಟ್ಟಿತು, ಅದಕ್ಕೂ ಚಪ್ಪಾಳೆ. ಗೆಜ್ಜೆ ಕಟ್ಟಿದ ತಗ್ಗಿನವು ಗುಡ್ಡದ ಮರೆಯಿಂದ ತಲೆಯೆತ್ತಿದ್ದೇ ತಡ, ಉದುರಿದವು. ದೊಡ್ಡ ಸಾಹೇಬರು, ಅಂದರೆ ಪರೀಕ್ಷೆಗಳ ಮುಖ್ಯಸ್ಥರು, ಅತಿಥಿಗಳಿಗೆ, "ನಮ್ಮದು ಮೂರು ಸುತ್ತಿನ ಬೇಲಿ, ಇರುವೆಯೂ ನುಸುಳಲ್ಲ" ಎನ್ನುತ್ತಿದ್ದರು. ಅಷ್ಟರಲ್ಲಿ ಬೋಳು ಗುರಿಗಳು ಬಂದವು. ರಾಡಾರ್ ತಿರುಗುತ್ತಲೇ ಇತ್ತು, ಫಿರಂಗಿಗಳು ಬಾಯಿ ಮೇಲೆ ಮಾಡಿಕೊಂಡು ಸುಮ್ಮನೇ ಇದ್ದವು. ತಗ್ಗಿನದೊಂದು ಅತಿಥಿಗಳ ಟೋಪಿಯ ಮೇಲಿಂದಲೇ ಹಾರಿ ಊರಿನ ನಟ್ಟನಡುವೆ ಪುಡಿ ಚೆಲ್ಲಿತು. ಹಿಂದೆಯೇ ಸೊಳ್ಳೆಗಳು ಯಾವ ಅವಸರವೂ ಇಲ್ಲದೆ ಬಂದು ಉಳಿದದ್ದನ್ನು ಕೆಂಪು ಮಾಡಿದವು. ಗಾಳಿಗೆ ಅರ್ಧ ಪುಡಿ ಡೇರೆಯೊಳಕ್ಕೆ ನುಗ್ಗಿ ಬಿಳಿ ಕುರ್ಚಿ, ಬಿಸ್ಕತ್ತು, ಸಾಹೇಬರ ಮೀಸೆ ಒಂದನ್ನೂ ಬಿಡಲಿಲ್ಲ.

ಪುಡಿಯಣ್ಣನಿಗೆ ಸಂತೋಷವಾಗಬಹುದಿತ್ತು. ಆಗಲಿಲ್ಲ. ಸುಣ್ಣದ ವೃತ್ತದಲ್ಲಿ ಅವನಿಗೆ ಕಾಣುತ್ತಿದ್ದದ್ದು ಮಗಳ ಮನೆಯ ಹಿತ್ತಲು.

ಸಾಹೇಬರು ಕರವಸ್ತ್ರದಿಂದ ಮೀಸೆ ಕೊಡವಿಕೊಳ್ಳುತ್ತ ಬಂದರು. "ಯಾರಯ್ಯ ಮಾಡಿದ್ದು ಇದನ್ನ? ಪರದೆ ಮೇಲೆ ಕಾಣ್ಲೇ ಇಲ್ಲವಲ್ಲ!"

"ಕಾಣಬಾರ್ದು ಅಂತಲೇ ಶತ್ರು ಬರೋದು, ಸಾಹೇಬ್ರೇ."

"ಅದು ಶತ್ರು ವಿಷಯ. ನಾನು ಕೇಳ್ತಿರೋದು ಗುರಿ ವಿಷಯ. ಕಾಣದೆ ಇರೋ ಗುರಿ ಅಂದ್ರೆ ದೋಷ ಇರೋ ಗುರಿ. ಹೌದೋ ಅಲ್ವೋ?"

ಕಂಪನಿಯವರು ಮುಳುಗುವವನಿಗೆ ಹಗ್ಗ ಸಿಕ್ಕಂತೆ ಆ ಮಾತಿಗೆ ಜೋತುಬಿದ್ದರು. ಹೌದು ಹೌದು, ಮಾಲಿನಲ್ಲೇ ದೋಷ, ಕಂಡದ್ದನ್ನೆಲ್ಲ ಹೊಡೆದಿದ್ದೇವೆ, ಆದ್ದರಿಂದ ನೂರಕ್ಕೆ ನೂರು. ಭಾವಮೈದುನ ಪುಡಿಯಣ್ಣನ ಪಕ್ಕೆ ತಿವಿದು ಪಿಸುಗುಟ್ಟಿದ: "ಹ್ಞೂಂ ಅನ್ನು ಭಾವ! ಇಲ್ಲಾಂದ್ರೆ ಬೇರೆಯೋರ ಹತ್ರ ಮೊರದಗಲದ ಗೆಜ್ಜೆಯವನ್ನ ತರಿಸಿ ನಾಳೆ ಪಾಸು ಮಾಡ್ಕೋತಾರೆ. ನಿನ್ನ ವ್ಯಾಪಾರ ಹೋಗುತ್ತೆ, ಬ್ಯಾಟರಿ ಹೇಗಿದ್ರೂ ಗುಡ್ಡಕ್ಕೆ ಹೋಗುತ್ತೆ."

ಥೂ ಎಂದು ಉಗುಳಲು ಪುಡಿಯಣ್ಣ ಡೇರೆಯ ಹಿಂದಕ್ಕೆ ಹೋದ. ಅಲ್ಲಿ ಬ್ಯಾಟರಿಯ ಲಾರಿಯ ಮೆಟ್ಟಿಲ ಮೇಲೆ ಪರದೆಯ ಮುಂದೆ ಕೂರುವ ಹೆಂಗಸು ತಲೆಗೆ ಕೈಕೊಟ್ಟು ಕುಳಿತಿದ್ದಳು. ತಂಡದವರೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದರು.

"ನಾನು ಕಂಡೆ ಅಣ್ಣ" ಎಂದಳು ತಲೆಯೆತ್ತದೆ. "ಒಂದು ಚೂರು ಮಿಣುಕಿತು, ಹೋಯ್ತು. ಹಕ್ಕಿ ಅಂದ್ಕೊಂಡೆ. ಯಂತ್ರವೂ ಹಾಗೇ ಅಂದ್ಕೊಳ್ತು."

"ಬೋಳು ಗುರಿ ಮೇಲೆ ಅಭ್ಯಾಸ ಮಾಡ್ಬೇಕಿತ್ತು ನೀವು."

"ಮಾಡೋಕೆ ಬಿಡಬೇಕಲ್ಲ? ಅಭ್ಯಾಸದಲ್ಲಿ ತಪ್ಪಿದ್ದೆಲ್ಲ ತಂಡದ ಅಂಕದಲ್ಲಿ ಕಳೀತಾರೆ. ನೂರಕ್ಕೆ ನೂರರ ತಂಡ ಅಂತ ಊರೆಲ್ಲ ಮೆರೆಸಿದಾರೆ. ಒಂದು ತಪ್ಪಿದ್ರೂ ಮೇಲಿನೋರ ಮೂಗು ಹೋಗುತ್ತೆ. ಯಂತ್ರದ ಕಿವಿ ಚುರುಕು ಮಾಡೋಕೆ ನಂಗೆ ಗೊತ್ತಿದೆ. ಮಾಡಿದ್ರೆ ಹಕ್ಕಿಗಳೆಲ್ಲ ಪರದೆ ತುಂಬ್ಕೊಳ್ತವೆ. ಅದರ ನಡುವೆ ನಿಜವಾದ್ದನ್ನ ಹೆಕ್ಕೋಕೆ ತಪ್ಪಿ ತಪ್ಪಿ ಕಲೀಬೇಕು. ತಪ್ಪೋ ಹಾಗೇ ಇಲ್ಲ ಅಂದ್ರೆ ಕಲಿಯೋದು ಹ್ಯಾಗೆ? ಇನ್ನು ಸ್ವಲ್ಪ ದಿನಕ್ಕೆ ಆ ಗುಡ್ಡದ ಮೇಲೆ ಕೂರೋಳು ನಾನೇ."

ಪುಡಿಯಣ್ಣ ಉಗುಳುವುದನ್ನು ಮರೆತು ನಿಂತ. ವ್ಯಾಪಾರಿಯ ತಲೆ, ಅಸಹ್ಯದ ನಡುವೆಯೂ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ತಿರಸ್ಕರಿಸಿದ ಮಾಲಿಗೆ ಒಂದು ಸುಖವಿದೆ: ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗುರಿಯೇ ಕೆಟ್ಟದ್ದೆಂದ ಮೇಲೆ ಅದನ್ನು ಹೊಡೆಯಲಾಗದ್ದು ಯಾರ ತಪ್ಪೂ ಅಲ್ಲ, ಯಾರ ಅಂಕವೂ ಕಳೆಯದು.

ಸಾಹೇಬರ ಮುಂದೆ ಹೋಗಿ ಕೈಕಟ್ಟಿ ನಿಂತ. "ಒಪ್ಪಿದೆ ಸಾಹೇಬ್ರೇ. ಮಾಲು ಕೆಟ್ಟದ್ದೇ."

"ಹಾಗೆ ಬಾ ದಾರಿಗೆ."

"ಇದೇ ಥರದ ಕೆಟ್ಟ ಮಾಲು ಇನ್ನೂ ತುಂಬಾ ಇದೆ. ಗೋದಾಮಲ್ಲಿಟ್ರೆ ಒಳ್ಳೇದರ ಜೊತೆ ಕಲೆತುಹೋಗಿ ಮತ್ತೆ ನಿಮ್ಮ ಮೀಸೆಗೇ ಬರುತ್ತೆ. ಈ ಬಯಲಲ್ಲೇ ಹಾರಿಸಿ ಮುಗಿಸ್ಬಿಡ್ತೀನಿ. ಖರ್ಚು ನಂದೇ. ಅಕ್ಕನ ತಂಡ ಬೇಕಾದ್ರೆ ಹೊಡೆದು ನೋಡ್ಲಿ."

ಸಾಹೇಬರು ಅನುಮಾನದಿಂದ ನೋಡಿದರು. "ತಂಡದ ಅಂಕಕ್ಕೆ ಮಾತ್ರ ಸೇರಿಸೋ ಹಾಗಿಲ್ಲ."

"ಛೇ ಛೇ! ಕೆಟ್ಟ ಮಾಲಿಗೆ ಎಲ್ಲಿಯ ಅಂಕ?"

ಹೀಗೆ ಪುಡಿಯಣ್ಣ ತನ್ನ ಬಾಳಿನಲ್ಲಿ ಮಾಡಿದ ಮೊದಲ ಸಾಚಾ ಮಾಲು, ಅವನದೇ ಬಾಯಿಂದ, ಕೆಟ್ಟದ್ದೆಂದು ತೀರ್ಮಾನವಾಯಿತು. ಬ್ಯಾಟರಿ ಪಾಸಾಯಿತು. ಚಪ್ಪಾಳೆ ತಟ್ಟಿದ ಕೈಗಳೆಲ್ಲ ಕೆಂಪಾಗಿದ್ದವು. ನೋಡಲು ಹೇಸಿಗೆಯಾಗಿ ಅವನು ಮುಖ ತಿರುಗಿಸಿದ.

ಮರುದಿನದಿಂದ ಕಾರ್ಖಾನೆ ಬೋಳು ಗುರಿಗಳನ್ನು ಹಗಲೆಲ್ಲ ಹೆರತೊಡಗಿತು. ಭಾವಮೈದುನ ಎದೆ ಹಿಡಿದುಕೊಂಡ. "ಭಾವ, ಕೆಟ್ಟ ಮಾಲು ಮುಗಿಸ್ತೀನಿ ಅಂದೋನು ಹೊಸದಾಗಿ ಮಾಡ್ತಿದೀಯಲ್ಲ!"

"ಕೆಟ್ಟದ್ದನ್ನ ಮಾಡೋಕೂ ಹದ ಬೇಕಪ್ಪ. ನೀನು ಹೋಗಿ ಕೂದಲು ಬಾಚ್ಕೋ."

ಬಯಲಿನಲ್ಲಿ ಅಕ್ಕ ಯಂತ್ರದ ಕಿವಿಯನ್ನು ಚುರುಕು ಮಾಡಿದಳು. ಪರದೆ ತುಂಬ ಹಕ್ಕಿಗಳು, ಸಂತೆಗೆ ಬಂದ ಜನರಂತೆ. ಮೊದಮೊದಲು ಅವಳ ತಂಡ ಹಕ್ಕಿಯನ್ನು ಗುರಿ ಎಂದು ಹಿಡಿಯಿತು, ಗುರಿಯನ್ನು ಹಕ್ಕಿ ಎಂದು ಬಿಟ್ಟಿತು; ಸುಣ್ಣದ ಊರು ದಿನವೂ ಕೆಂಪು. ಅಲ್ಲಿ ಕೇಳಿಬಂದ ಬೈಗುಳಗಳನ್ನು ಬರೆಯುವ ಹಾಗಿಲ್ಲ. ಬರಬರುತ್ತ ಒಂದು ತಿಳಿಯಿತು: ಹಕ್ಕಿ ಸುತ್ತುತ್ತದೆ, ಹಿಂದಿರುಗುತ್ತದೆ, ತಿಪ್ಪೆ ಕಂಡರೆ ಇಳಿಯುತ್ತದೆ, ಸೊಳ್ಳೆಗೆ ಅಂಥ ಆಸೆಗಳಿಲ್ಲ, ಗೆರೆ ಎಳೆದಂತೆ ಬರುತ್ತದೆ. ತಗ್ಗಿನವಕ್ಕಾಗಿ ಸಣ್ಣ ರಾಡಾರೊಂದನ್ನು ಗುಡ್ಡದ ನೆತ್ತಿಗೆ ಸಾಗಿಸಿದರು. ಅಲ್ಲಿಂದ ಮರೆಯೂ ಕಾಣುತ್ತಿತ್ತು. ಸೊಳ್ಳೆಗೆಂದು ಕ್ಷಿಪಣಿ ಮುಟ್ಟಬಾರದೆಂದು ಅಕ್ಕ ಕಟ್ಟುನಿಟ್ಟು ಮಾಡಿದಳು. ಬೋಳು ಗುರಿಗಳೂ ಪುಡಿಯಾಗತೊಡಗಿದವು.

ಎಲ್ಲವೂ ಅಲ್ಲ. ಮೂರೂ ಜಾತಿಯನ್ನು ಒಟ್ಟಿಗೆ ಬಿಟ್ಟಾಗ ಪ್ರತಿ ಸಲ ಒಂದೆರಡು ಉಳಿದೇ ಉಳಿಯುತ್ತಿದ್ದವು. ಕ್ಷಿಪಣಿ ಮುಗಿದು ಮತ್ತೆ ತುಂಬಿಸುವ ಹೊತ್ತಿನಲ್ಲಿ ನುಸುಳುತ್ತಿದ್ದವು, ಇಲ್ಲವೆ ಯಾರೂ ಎಣಿಸದ ಕಡೆಯಿಂದ. ಪುಡಿಯಣ್ಣ ಬಗೆಬಗೆಯಾಗಿ ಬಿಟ್ಟು ನೋಡಿದ, ಅಕ್ಕ ಬಗೆಬಗೆಯಾಗಿ ತಡೆದು ನೋಡಿದಳು. ಆ ಒಂದೆರಡು ಹೋಗಲಿಲ್ಲ. ಅಷ್ಟರಲ್ಲಿ ಲಾರಿಗಳು ಹೊರಡುವ ದಿನ ಬಂತು.

"ಇಷ್ಟೇ ಅಣ್ಣ ನನ್ನ ಕೈಯಲ್ಲಿ ಆಗೋದು" ಎಂದಳು ಅಕ್ಕ.

"ಇಷ್ಟಾದ್ರೂ ಆಯ್ತಲ್ಲ" ಎಂದ. ಅವಳ ಲಾರಿ ತಿರುವಿನಲ್ಲಿ ಮರೆಯಾದ ಮೇಲೆ ಅವನೂ ಬಸ್ಸು ಹತ್ತಿದ.

ಬಂದರಿನಲ್ಲಿ ಮಗಳು ಕಚೇರಿಯ ಕಿಟಕಿಯಿಂದಲೇ ಗುಡ್ಡ ತೋರಿಸಿದಳು. ಹಸಿರು ಬಲೆ ಹೊದ್ದ ರಾಡಾರ್ ತಿರುಗುತ್ತಿತ್ತು. ಬೀದಿಯಲ್ಲಿ ಜನ ಅದರ ಕಡೆ ಕೈತೋರಿಸಿ ನಗುತ್ತಿದ್ದರು.

"ನೋಡಪ್ಪಾ! ಇನ್ನು ಇರುವೆಯೂ ನುಸುಳಲ್ಲ ಅಂತೆ."

"ಯಾರು ಹೇಳಿದ್ದು?"

"ಎಲ್ರೂ. ರೇಡಿಯೋದಲ್ಲೂ ಹೇಳಿದ್ರು. ಯಾಕೆ?"

ಪುಡಿಯಣ್ಣ ಬಾಗಿಲು ಮುಂದೆ ಮಾಡಿದ. ಮಾಲಿನ ಹುಳುಕನ್ನು ಗಿರಾಕಿಯ ಮುಂದೆ ಎತ್ತಿ ಆಡಿದ್ದೇ ಇಲ್ಲದ ನಾಲಿಗೆ ತಡವರಿಸಿತು. "ಒಂದೊಂದೇ ಬಂದ್ರೆ ತಡೀತಾರೆ. ಎಲ್ಲಾ ಒಟ್ಟಿಗೆ ಬಂದ್ರೆ ಒಂದೋ ಎರಡೋ ಬಿದ್ದೇ ಬೀಳುತ್ತಮ್ಮ. ನಾನೇ ಬಿಟ್ಟು ನೋಡಿದೀನಿ. ಮಕ್ಕಳನ್ನ ನಿನ್ನ ಭಾವನ ಮನೆಗೆ ಕಳಿಸು."

ಮಗಳು ಕಿಟಕಿ ಮುಚ್ಚಿದಳು. "ಮಕ್ಕಳನ್ನ ಕಳಿಸ್ತೀನಿ" ಎಂದಳು. "ನಾನು ಬರೋಕಾಗಲ್ಲ. ಆಸ್ಪತ್ರೆ ಔಷಧಿ, ಊರಿನ ಹಿಟ್ಟು ಎಲ್ಲಾ ಈ ತಕ್ಕಡಿ ಮೇಲೇ ಇಳಿಯೋದು. ಪಕ್ಕದ ಮನೆಯೋರಿಗೆ ಏನು ಹೇಳ್ಲಿ? ನನ್ನ ಮಾತು ಕೇಳಿ ಉಳಿದೋರು ಅವರು."

"ನಿಂಗೆ ಹೇಳಿದ್ದನ್ನೇ ಹೇಳು. ಬೀಳೋ ಹೊತ್ತಲ್ಲಿ ಅಡಗೋಕೆ ಈ ಕಟ್ಟಡಕ್ಕೆ ನೆಲಮಾಳಿಗೆ ಇದೆಯಾ?"

"ಇದೆ. ಹಡಗಿನ ಹಳೇ ಹಗ್ಗ ತುಂಬಿದಾರೆ. ಕೊಳೆತು ನಾರುತ್ತೆ, ಒಳಗೆ ಕಾಲಿಡೋಕಾಗಲ್ಲ."

"ಬೀಗದ ಕೈ ಕೊಡು."

ಅವನು ಅಂಗಿ ಬಿಚ್ಚಿ ಗೂಟಕ್ಕೆ ತಗುಲಿಸಿ ಕೆಳಗಿಳಿದ. ಹಗ್ಗಗಳು ತೊಡೆಗಾತ್ರ, ಲೋಳೆ, ಸತ್ತ ಮೀನಿನ ವಾಸನೆ. ಒಂದೊಂದನ್ನೂ ಹೆಗಲಿಗೆಳೆದು ಮೆಟ್ಟಿಲೇರಿ ಕಟ್ಟೆಯ ಮೇಲೆ ಒಗೆದ. ಸಾಹೇಬರನ್ನು ಬೈದ, ಕಂಪನಿಯನ್ನು ಬೈದ, ಭಾವಮೈದುನನನ್ನೂ ತನ್ನನ್ನೂ ಒಂದೇ ಉಸಿರಿಗೆ ಸೇರಿಸಿ ಬೈದ. ನಾಲ್ಕನೆಯ ಹಗ್ಗಕ್ಕೆ ಅಳಿಯ ಬಂದು ಇನ್ನೊಂದು ತುದಿ ಹಿಡಿದ. ಕಟ್ಟೆಯ ಕೆಲಸಕ್ಕೆ ಬಂದಿದ್ದ ಮಗಳ ಪಕ್ಕದ ಮನೆಯ ಯಜಮಾನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಾಗಿಲಲ್ಲಿ ಕಾಣಿಸಿಕೊಂಡ.

"ಏನಣ್ಣ ಇದು ಗಬ್ಬು! ಯಾಕೆ ಖಾಲಿ ಮಾಡ್ತಿದೀರಾ?"

"ಹಿಡ್ಕೊಳ್ಳಿ, ಹೇಳ್ತೀನಿ" ಎಂದ ಪುಡಿಯಣ್ಣ, ಹಗ್ಗದ ನಡುವನ್ನು ಅವನ ಕೈಗೆ ದಾಟಿಸುತ್ತ.